ನಾಯಿ ಹುಡುಕಲು ಹೊರಟದ್ದು

ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಕಳೆದ ವರ್ಷ ನಮ್ಮ ಸ್ಟಾಫ್ ರೂಮಿಗೆ ಬಂತು. ಕೇಳಿದವರು ಆರನೇ ತರಗತಿಯ ಹುಡುಗನೊಬ್ಬನ ಅಜ್ಜ. ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ. ಯಾವುದೋ ವಿದೇಶದಲ್ಲಿ ದೊಡ್ಡ ನಾಯಿಯೊಂದು ಯಜಮಾನನನ್ನು ರಸ್ತೆ ದಾಟಿಸಿ ಬಸ್ಸಿಗೆ ಹತ್ತಿಸುತ್ತದಂತೆ. "ಖರ್ಚು ಎಂತ ಆದ್ರೂ ಅಡ್ಡಿ ಇಲ್ಲ ಮಾಷ್ಟ್ರೇ, ಅಡಕೆ ಮಾರ್ಲಿಕ್ಕೆ ಉಂಟು. ಎಲ್ಲಿ ಸಿಗ್ತದೆ ಅಂತ ಒಂದು ನೋಡಿ ಹೇಳಿ" ಎಂದರು. ಮತ್ತೆ ಸ್ವಲ್ಪ ತಡೆದು, "ನಮ್ಮ ಮನೆ ನಾಯಿಗೇ ಕಲಿಸ್ಲಿಕ್ಕೆ ಆಗ್ತದಾ?" ಎಂದೂ ಕೇಳಿದರು.

ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳುತ್ತೇವೆ ಎಂದೆವು. ಹಾಗೆ ನೋಡುತ್ತಾ ಹೋದದ್ದು ಒಂದು ಇಡೀ ಶಾಲಾ ವರ್ಷದ ಕೆಲಸವಾಯಿತು. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಕನ್ನಡ ಶಾಲೆಗಳಲ್ಲಿ ಇಂತಹ ಒಂದಾದರೂ ಮಗು ಇದ್ದೇ ಇರುತ್ತದೆ. ಅವರ ಟೀಚರುಗಳಿಗೂ ತಂದೆತಾಯಿಗಳಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇವೆ. ಹುಡುಗನ ಹೆಸರು ಊರು ಹೇಳುವುದಿಲ್ಲ. ಬರೆಯುವ ಮೊದಲು ಮನೆಯವರನ್ನು ಕೇಳಿದ್ದೇವೆ, ಅವನನ್ನೂ ಕೇಳಿದ್ದೇವೆ.

ಮೊದಲು ಅವನ ಕಣ್ಣಿನ ವಿಷಯ. ಡಾಕ್ಟರು ಬರೆದುಕೊಟ್ಟ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಕಣ್ಣಿನ ಹಿಂಭಾಗದ ಪರದೆ ನಿಧಾನವಾಗಿ ಕೆಡುತ್ತಾ ಬರುವ, ವಂಶವಾಹಿಯಿಂದ ಬರುವ ತೊಂದರೆ. ಮೊದಲು ಇರುಳಿಗೆ ಕಾಣುವುದಿಲ್ಲ. ಆಮೇಲೆ ಬದಿಯ ನೋಟ ಹೋಗುತ್ತದೆ. ನಡುವಿನ ನೋಟ ಮಾತ್ರ ಬಹಳ ದಿನ ಉಳಿಯುತ್ತದೆ, ಪಪ್ಪಾಯಿ ಎಲೆಯ ದಂಟಿನ ತೂತಿನಲ್ಲಿ ನೋಡಿದ ಹಾಗೆ. ಈ ಕೊನೆಯ ಸಂಗತಿಯಿಂದ ಮಗುವಿಗೆ ಆಗುವ ಕಷ್ಟ ಹೇಳತೀರದು. ನೆಲಕ್ಕೆ ಬಿದ್ದ ಒಂದು ರೂಪಾಯಿ ನಾಣ್ಯ ಅವನಿಗೆ ಕಾಣುತ್ತದೆ, ಎದುರಿನ ಬಾಗಿಲ ಪಕ್ಕದ ಬೆಂಚು ಕಾಣುವುದಿಲ್ಲ. ಹೋಗಿ ಢೀ ಕೊಡುತ್ತಾನೆ. ನೋಡಿದವರು "ಇವನಿಗೆ ಕಾಣ್ತದೆ, ಸುಮ್ನೆ ಮಾಡ್ತಾನೆ" ಎನ್ನುತ್ತಾರೆ. ಮಳೆಗಾಲದಲ್ಲಿ ಮೋಡ ಮುಸುಕಿದರೆ ತರಗತಿಯಲ್ಲಿ ಕರಿಹಲಗೆ ಮಾಯ. ಬಿಸಿಲು ಬಂದರೆ ಮತ್ತೆ ಓದುತ್ತಾನೆ. ಅವನು ನಾಲ್ಕನೇ ತರಗತಿಯವರೆಗೆ ಕಣ್ಣಿನಿಂದಲೇ ಕನ್ನಡ ಓದಿ ಬರೆದು ಕಲಿತವನು, ಒಳ್ಳೆಯ ಅಕ್ಷರದವನು.

ಈಗ ನಾಯಿಯ ವಿಷಯಕ್ಕೆ ಬರೋಣ.

ಅಂಧರಿಗೆ ದಾರಿ ತೋರುವ ನಾಯಿಗಳನ್ನು ಶಾಲೆ ಇಟ್ಟು ತಯಾರು ಮಾಡುವ ಕ್ರಮ ಶುರುವಾದದ್ದು ಜರ್ಮನಿಯ ಓಲ್ಡೆನ್‌ಬುರ್ಗ್ ಎಂಬಲ್ಲಿ, 1916ರಲ್ಲಿ. ಒಂದನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಅಮೆರಿಕದಲ್ಲಿ 'ಸೀಯಿಂಗ್ ಐ' ಎಂಬ ಸಂಸ್ಥೆ 1929ರಲ್ಲಿ ಹುಟ್ಟಿತು, ಇವತ್ತಿಗೂ ಇದೆ. ಒಂದು ನಾಯಿ ತಯಾರಾಗುವುದೆಂದರೆ ಸಣ್ಣ ಸಂಗತಿಯಲ್ಲ. ಮರಿಯನ್ನು ಹುಟ್ಟುವ ಮೊದಲೇ ತಾಯಿತಂದೆ ನೋಡಿ ಆರಿಸುತ್ತಾರೆ, ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಜಾತಿ. ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಯಾವುದಾದರೂ ಮನೆಯವರು ಉಚಿತವಾಗಿ ಸಾಕಿ, ಸಂತೆ, ಬಸ್ಸು, ಜನಜಂಗುಳಿ ಎಲ್ಲ ಅಭ್ಯಾಸ ಮಾಡಿಸುತ್ತಾರೆ. ಆಮೇಲೆ ಶಾಲೆಯಲ್ಲಿ ಹಲವು ತಿಂಗಳು ಪಾಠ. ಅಷ್ಟಾದ ಮೇಲೂ ಎಷ್ಟೋ ನಾಯಿಗಳು ಪಾಸಾಗುವುದಿಲ್ಲ. ಪಾಸಾದದ್ದನ್ನು ಅಂಧ ವ್ಯಕ್ತಿಯ ನಡಿಗೆಯ ವೇಗ, ಸ್ವಭಾವ ನೋಡಿ ಜೋಡಿ ಮಾಡಿ, ಇಬ್ಬರಿಗೂ ಒಟ್ಟಿಗೆ ತರಬೇತಿ ಕೊಡುತ್ತಾರೆ. ಒಂದು ನಾಯಿಯ ಹಿಂದೆ ಹತ್ತಾರು ಸಾವಿರ ಡಾಲರ್ ಖರ್ಚು ಬೀಳುತ್ತದೆ. ಆದರೆ ಪಡೆಯುವವರಿಂದ ಅದನ್ನು ವಸೂಲಿ ಮಾಡುವುದಿಲ್ಲ, ದಾನಿಗಳ ಹಣದಲ್ಲಿ ನಡೆಯುತ್ತದೆ.

ಅಜ್ಜನ ಎರಡನೇ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿಕ್ಕಿತು. ಕಳ್ಳನನ್ನು ಕಂಡು ಬೊಗಳುವುದಕ್ಕೆ, ತೋಟಕ್ಕೆ ಬಂದ ಮಂಗನನ್ನು ಓಡಿಸುವುದಕ್ಕೆ ಸಾಕಿದ ನಾಯಿಗೆ ಬೇಕಾದದ್ದು ಕೆರಳುವ ಗುಣ. ಇಲ್ಲಿ ಬೇಕಾದದ್ದು ಯಾವುದಕ್ಕೂ ಕೆರಳದ ಗುಣ. ಬೆಕ್ಕು ಎದುರಿನಿಂದ ಹೋದರೂ, ಪಕ್ಕದವರ ಕೈಯಲ್ಲಿ ಮೀನಿನ ಚೀಲ ಇದ್ದರೂ ತಿರುಗಿ ನೋಡಬಾರದು.

ಮತ್ತೊಂದು ತಿಳಿದದ್ದು ನಮಗೆ ಆಶ್ಚರ್ಯವಾಯಿತು. ನಾಯಿ ದಾರಿ ತೋರಿಸುವುದಿಲ್ಲ! ಎಲ್ಲಿಗೆ ಹೋಗಬೇಕು, ಎಷ್ಟನೇ ತಿರುವಿನಲ್ಲಿ ಬಲಕ್ಕೆ ಎಂಬುದೆಲ್ಲ ಮನುಷ್ಯನ ತಲೆಯಲ್ಲೇ ಇರಬೇಕು. ಅವನು ಎಡಕ್ಕೆ, ಬಲಕ್ಕೆ, ಮುಂದಕ್ಕೆ ಎಂದು ಹೇಳಬೇಕು. ನಾಯಿಯ ಕೆಲಸ ಅಡ್ಡ ಬಂದದ್ದನ್ನು ತಪ್ಪಿಸಿ ಹೋಗುವುದು, ಮೆಟ್ಟಿಲು, ಗುಂಡಿ, ರಸ್ತೆಯ ಅಂಚು ಬಂದಾಗ ನಿಲ್ಲುವುದು. ಟ್ರಾಫಿಕ್ ದೀಪದ ಬಣ್ಣ ನೋಡಿ ಅದು ದಾಟಿಸುತ್ತದೆ ಎಂಬುದು ಸುಳ್ಳು. ವಾಹನದ ಸದ್ದು ಕೇಳಿ ನಿರ್ಧಾರ ಮಾಡುವವನು ಮನುಷ್ಯ. ಆದರೆ ಅವನು ಮುಂದಕ್ಕೆ ಎಂದಾಗ ಎದುರಿನಿಂದ ಕಾರು ಬರುತ್ತಿದ್ದರೆ ನಾಯಿ ಮಾತು ಕೇಳುವುದಿಲ್ಲ, ನಿಂತುಬಿಡುತ್ತದೆ. ಯಾವಾಗ ಯಜಮಾನನ ಮಾತು ಮೀರಬೇಕು ಎಂದು ಕಲಿಸುವುದೇ ಆ ತರಬೇತಿಯ ಅತಿ ಕಷ್ಟದ ಪಾಠವಂತೆ. (ನಮ್ಮ ವಿದ್ಯಾರ್ಥಿಗಳಿಗೆ ಈ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ.)

ಇನ್ನು ಸಿಗುವ ವಿಷಯ. ನಮ್ಮ ದೇಶದಲ್ಲಿ ಅರ್ಜಿ ಹಾಕಿ ಇಂತಹ ನಾಯಿ ಪಡೆಯುವ ಸರಕಾರಿ ಯೋಜನೆ ಯಾವುದೂ ಇಲ್ಲ. ಕನ್ನಡಕ, ಗಾಲಿಕುರ್ಚಿ, ಶ್ರವಣಯಂತ್ರ, ಕೋಲು ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ನಾಯಿ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿಯೂ ನಾಯಿಯ ಪ್ರಸ್ತಾಪ ಇಲ್ಲ. ರೈಲ್ವೆಯ ನಿಯಮದಲ್ಲಿ ಒಂದು ಸಾಲು ಇದೆ, ಫಸ್ಟ್ ಕ್ಲಾಸಿನಲ್ಲಿ ಪ್ರಯಾಣ ಮಾಡುವ ಅಂಧರು ತಮ್ಮ ನಾಯಿಯನ್ನು ಕಡಿಮೆ ದರದಲ್ಲಿ ಕರೆದುಕೊಂಡು ಹೋಗಬಹುದು ಎಂದು. ಫಸ್ಟ್ ಕ್ಲಾಸ್ ಟಿಕೇಟೂ ಬೇಕು, ನಾಯಿಯೂ ಬೇಕು! ಅಮೆರಿಕದಲ್ಲಿ 1990ರ ಕಾಯ್ದೆಯ ಪ್ರಕಾರ ಹೋಟೆಲು, ಅಂಗಡಿ, ಆಸ್ಪತ್ರೆ ಎಲ್ಲ ಕಡೆ ಇಂತಹ ನಾಯಿಗೆ ಪ್ರವೇಶ ಉಂಟು. ಬಾಗಿಲಲ್ಲಿ ನಿಂತವರು ಎರಡೇ ಪ್ರಶ್ನೆ ಕೇಳಬಹುದು, ಅಂಗವೈಕಲ್ಯಕ್ಕಾಗಿ ಈ ನಾಯಿ ಬೇಕೇ, ಅದಕ್ಕೆ ಏನು ಕೆಲಸ ಕಲಿಸಿದ್ದೀರಿ ಎಂದು. ಸರ್ಟಿಫಿಕೇಟ್ ಕೇಳುವ ಹಾಗಿಲ್ಲ. ಅದಕ್ಕೇ ಇರಬೇಕು, ಅಲ್ಲಿ ದುಡ್ಡು ತೆಗೆದುಕೊಂಡು ನಾಯಿಗೆ ಸರ್ಟಿಫಿಕೇಟ್, ಜಾಕೆಟ್ ಮಾರುವ ವ್ಯಾಪಾರವೂ ಇದೆ. ಅದಕ್ಕೆ ಕಾನೂನಿನಲ್ಲಿ ಕಿಮ್ಮತ್ತಿಲ್ಲ. ನಮ್ಮಲ್ಲಿ ಯಾರಾದರೂ ಲ್ಯಾಬ್ರಡಾರ್ ಮರಿ ತೋರಿಸಿ "ಇದು ಅಂಧರಿಗೆ ಟ್ರೈನಿಂಗ್ ಆದದ್ದು" ಎಂದು ಹಣ ಕೇಳಿದರೆ ದಯವಿಟ್ಟು ಕೊಡಬೇಡಿ. ಆಸ್ಪತ್ರೆಗಳಲ್ಲಿ, ವಿಶೇಷ ಶಾಲೆಗಳಲ್ಲಿ ಮಕ್ಕಳ ಮನಸ್ಸು ಹಗುರ ಮಾಡಲು ಬರುವ ನಾಯಿಗಳು ದೊಡ್ಡ ಪೇಟೆಗಳಲ್ಲಿ ಇವೆ. ಒಳ್ಳೆಯ ಕೆಲಸವೇ. ಆದರೆ ಅವು ಬೇರೆ, ದಾರಿಯಲ್ಲಿ ಜೊತೆ ನಡೆಯುವ ನಾಯಿ ಬೇರೆ.

ಹಾಗೆಂದು ಹೊರದೇಶದಿಂದ ತರಿಸಿದರೂ ನಡೆಯುವುದು ಎಲ್ಲಿ? ಆ ನಾಯಿಗೆ ಫುಟ್‌ಪಾತ್ ಬೇಕು, ರಸ್ತೆಗೆ ಅಂಚು ಬೇಕು. ನಮ್ಮ ಪಂಚಾಯತು ರಸ್ತೆಗೆ ಅಂಚೆಂದರೆ ತೋಡು. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಈಗ ಆರು ಪಥ. ಕಣ್ಣಿದ್ದವರಿಗೇ ದಾಟಲು ಅಂಡರ್‌ಪಾಸ್ ಹುಡುಕಿಕೊಂಡು ದೂರ ನಡೆಯಬೇಕು. ಬೀದಿ ನಾಯಿಗಳ ಹಿಂಡಿನ ನಡುವೆ ಆ ಸಾಧು ನಾಯಿಯ ಗತಿ ಏನು ಎಂದು ನಮ್ಮ ಶಾಲೆಯ ಪ್ಯೂನ್ ಕೇಳಿದ ಪ್ರಶ್ನೆಗೆ ಯಾವ ದೇಶದ ಪುಸ್ತಕದಲ್ಲಿಯೂ ಉತ್ತರ ಇರಲಾರದು. ಅಷ್ಟಕ್ಕೂ ಅಲ್ಲಿನ ಹೆಚ್ಚಿನ ಶಾಲೆಗಳು ನಾಯಿ ಕೊಡುವುದು ಹದಿನಾರು ವರ್ಷ ದಾಟಿದವರಿಗೆ. ಅದೂ ಮೊದಲು ಬಿಳಿ ಕೋಲು ಹಿಡಿದು ಸ್ವತಂತ್ರವಾಗಿ ಓಡಾಡಲು ಕಲಿತವರಿಗೆ.

ಈ ಕೊನೆಯ ಮಾತು ಅಜ್ಜನಿಗೆ ಹೇಳಲು ನಮಗೆ ಅನುಕೂಲವಾಯಿತು. ನಾಯಿ ಬರುವುದಾದರೂ ಕೋಲಿನ ನಂತರವೇ, ಹಾಗಾಗಿ ಕೋಲಿನಿಂದ ಶುರು ಮಾಡೋಣ ಎಂದೆವು. ಅವರಿಗೆ ಕೋಲು ಎಂದರೆ ಸಮಾಧಾನವಿಲ್ಲ. ನಾಯಿ ಜೊತೆಯಿದ್ದರೆ ನೋಡಿದವರು ಮೆಚ್ಚುತ್ತಾರೆ, ಕೋಲು ಕಂಡರೆ ಅಯ್ಯೋ ಪಾಪ ಎನ್ನುತ್ತಾರೆ. ಅವರು ಹೇಳಿದ್ದರಲ್ಲಿ ನಿಜ ಇತ್ತು.

ಬ್ಲಾಕ್ ರಿಸೋರ್ಸ್ ಸೆಂಟರಿನಿಂದ, ಅಂದರೆ ನಾವೆಲ್ಲ ಬಿ.ಆರ್.ಸಿ. ಎನ್ನುವ ಕಡೆಯಿಂದ, ವಿಶೇಷ ಶಿಕ್ಷಕಿಯೊಬ್ಬರು ಶಾಲೆಗೆ ಬರುತ್ತಾರೆ. ಕೋಲು ಹಿಡಿಯುವುದನ್ನು ಕಲಿಸಿದವರು ಅವರು. ಅದರಲ್ಲೂ ಶಾಸ್ತ್ರ ಇದೆ. ಕೋಲು ನೆಟ್ಟಗೆ ನಿಲ್ಲಿಸಿದರೆ ಎದೆಯ ಮಟ್ಟಕ್ಕಾದರೂ ಬರಬೇಕು, ಮಗು ಬೆಳೆದ ಹಾಗೆ ಕೋಲನ್ನೂ ಬದಲಿಸಬೇಕು. ಎಡಗಾಲು ಮುಂದಿಡುವಾಗ ಕೋಲಿನ ತುದಿ ಬಲಕ್ಕೆ, ಬಲಗಾಲು ಇಡುವಾಗ ಎಡಕ್ಕೆ, ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿರಬೇಕು. ಸಿಮೆಂಟಿಗೆ ಒಂದು ಸದ್ದು, ಮುರಕಲ್ಲಿಗೆ ಒಂದು, ಒಣ ತರಗೆಲೆಗೆ ಮತ್ತೊಂದು. ನೆಲದ ಮೇಲಿನದ್ದು ಕೋಲಿಗೆ ಸಿಗುತ್ತದೆ, ತಲೆಯ ಮಟ್ಟಕ್ಕೆ ಬಾಗಿದ ಕೊಂಬೆ ಸಿಗುವುದಿಲ್ಲ. ಅದಕ್ಕಾಗಿ ದೆಹಲಿಯ ಐ.ಐ.ಟಿ.ಯವರು ಸ್ಮಾರ್ಟ್‌ಕೇನ್ ಎಂಬ ಉಪಕರಣ ಮಾಡಿ 2014ರಲ್ಲಿ ಹೊರತಂದಿದ್ದಾರೆ. ಕೋಲಿನ ಹಿಡಿಗೆ ಸಿಕ್ಕಿಸಿದರೆ ಬಾವಲಿಯ ಹಾಗೆ ಕಿವಿಗೆ ಕೇಳದ ಧ್ವನಿ ಬಿಟ್ಟು, ಸುಮಾರು ಮೂರು ಮೀಟರಿನೊಳಗೆ ಎದೆ, ತಲೆಯ ಮಟ್ಟದಲ್ಲಿ ಏನಾದರೂ ಇದ್ದರೆ ಕೈಗೆ ಕಂಪನದ ಮೂಲಕ ತಿಳಿಸುತ್ತದೆ. ನಾವು ಅದನ್ನು ಇನ್ನೂ ಕೊಡಿಸಿಲ್ಲ. ಸಾದಾ ಕೋಲು ಚೆನ್ನಾಗಿ ಅಭ್ಯಾಸವಾಗಲಿ ಎಂದು ವಿಶೇಷ ಶಿಕ್ಷಕಿ ಹೇಳಿದ್ದಾರೆ. ನಾವು ಮಾಡಿದ್ದೆಂದರೆ ವರಾಂಡದ ಚಪ್ಪಲಿ ರಾಶಿಯನ್ನು ಒಂದು ಮೂಲೆಗೆ ಸರಿಸಿದ್ದು, ಮೆಟ್ಟಿಲುಗಳ ಅಂಚಿಗೆ ಹಳದಿ ಬಣ್ಣ ಬಳಿದದ್ದು, ತರಗತಿಯ ಬಾಗಿಲು ಅರ್ಧ ತೆರೆದಿಡಬಾರದು ಎಂಬ ನಿಯಮ. ಒಂದೋ ಪೂರಾ ತೆರೆ, ಇಲ್ಲವೇ ಮುಚ್ಚು. ಅರ್ಧ ತೆರೆದ ಬಾಗಿಲಿನ ಅಂಚು ನೇರ ಹಣೆಗೆ ಬರುತ್ತದೆ.

ಕೋಲಿನಲ್ಲಿ ಗಡಿಯ ತೊಂದರೆ ಇರಲಿಲ್ಲ. ಅಕ್ಷರಕ್ಕೆ ಬಂದಾಗ ಅದು ಎದುರಾಯಿತು.

ನೋಟ ಕಮ್ಮಿಯಾಗುತ್ತಿದ್ದರಿಂದ ಬ್ರೈಲ್ ಕಲಿಸಬೇಕು ಎಂಬುದರಲ್ಲಿ ಎರಡು ಮಾತಿರಲಿಲ್ಲ. ಸ್ವಲ್ಪ ಕಾಣುತ್ತಿರುವಾಗಲೇ ಶುರು ಮಾಡಿದರೆ ಒಳ್ಳೆಯದು. ಆದರೆ ಹೋದಲ್ಲೆಲ್ಲ ಒಂದೇ ಸಲಹೆ ಬಂತು: ಅವನನ್ನು ಕನ್ನಡ ಶಾಲೆಯಿಂದ ಬಿಡಿಸಿ, ಮಲಯಾಳಕ್ಕೆ ಹಾಕಿ, ಅಲ್ಲಿ ಎಲ್ಲ ಸೌಕರ್ಯ ಉಂಟು. ಹೇಳಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ವಿದ್ಯಾನಗರದಲ್ಲಿ ಸರಕಾರಿ ಅಂಧರ ಶಾಲೆ ಇದೆ. ಗಡಿಯ ಆಚೆ ಮಂಗಳೂರಿನಲ್ಲಿಯೂ ಅಂಧ ಮಕ್ಕಳ ಶಾಲೆಗಳಿವೆ. ತನ್ನಂತಹ ಇತರ ಮಕ್ಕಳ ಜೊತೆ ಬೆಳೆಯುವುದರಲ್ಲಿ ದೊಡ್ಡ ಲಾಭ ಇದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಮನೆಯವರು ಹಾಗೆ ತೀರ್ಮಾನಿಸಿದ್ದರೆ ನಾವೇ ಕರೆದುಕೊಂಡು ಹೋಗಿ ಸೇರಿಸುತ್ತಿದ್ದೆವು. ಆದರೆ ಹುಡುಗನ ಮನೆಮಾತು ತುಳು, ಓದಿದ್ದು ಕನ್ನಡ, ಮಲಯಾಳ ಅವನಿಗೆ ಬಸ್ಸಿನಲ್ಲಿ ಕೇಳಿ ಗೊತ್ತಿರುವ ಭಾಷೆ. ಕಣ್ಣು ಹೋಗುತ್ತಿರುವ ಹೊತ್ತಿನಲ್ಲೇ ಓದುವ ಭಾಷೆಯನ್ನೂ, ಜೊತೆಗಾರರನ್ನೂ ಬಿಡು ಎಂದರೆ ಹೇಗೆ? ಅವನ ತಾಯಿ ಕೇಳಿದ್ದೂ ಅದನ್ನೇ. "ಅಲ್ಲಿಗೆ ಹೋದ್ರೆ ಪಾಠ ಹೇಳಿ ಕೊಡ್ಲಿಕ್ಕೆ ನಂಗೆ ಬರುದಿಲ್ಲ ಟೀಚರೇ. ಇಲ್ಲಿ ಆದ್ರೆ ಓದಿ ಆದ್ರೂ ಹೇಳ್ತೇನೆ."

2016ರ ಆ ಕಾಯ್ದೆಯ 16ನೇ ಕಲಮಿನಲ್ಲಿ, ಅಂಧ, ಕಿವುಡ ಮಕ್ಕಳ ಶಿಕ್ಷಣ ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನದಲ್ಲಿ ಇರಬೇಕು ಎಂಬ ಅರ್ಥದ ಮಾತಿದೆ. ನಾವು ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೆವು. ಆದರೆ ಬಾಗಿಲು ತೆರೆದದ್ದು ಕಾಯ್ದೆಯಿಂದಲ್ಲ, ಬ್ರೈಲ್‌ನಿಂದಲೇ.

ವಿಶೇಷ ಶಿಕ್ಷಕಿಗೆ ಕನ್ನಡ ಓದಲು ಬರೆಯಲು ಬಾರದು, ಮಾತು ಸ್ವಲ್ಪ ತಿಳಿಯುತ್ತದೆ. ನಮ್ಮ ಕನ್ನಡ ಟೀಚರಿಗೆ ಬ್ರೈಲ್ ಬಾರದು. ಇಬ್ಬರೂ ಒಂದು ಶುಕ್ರವಾರ ಮಧ್ಯಾಹ್ನದ ದೀರ್ಘ ವಿರಾಮದಲ್ಲಿ ಕುಳಿತರು. "ನಿಮ್ಮ 'ಕ' ಬರೆಯಿರಿ" ಎಂದರು ನಮ್ಮವರು. ಅವರು ಸ್ಲೇಟಿನಲ್ಲಿ ಚುಚ್ಚಿ ತೋರಿಸಿದರು, ಒಂದು ಮತ್ತು ಮೂರನೇ ಚುಕ್ಕೆ. ಕನ್ನಡ ಬ್ರೈಲ್ ಪಟ್ಟಿ ತೆಗೆದು ನೋಡಿದರೆ ಅಲ್ಲಿಯೂ 'ಕ' ಎಂದರೆ ಒಂದು ಮತ್ತು ಮೂರು! 'ಮ' ನೋಡಿದರೆ ಒಂದು, ಮೂರು, ನಾಲ್ಕು. ಅದೂ ಒಂದೇ. 'ಲ' ಒಂದು, ಎರಡು, ಮೂರು. ಅದೂ ಒಂದೇ. ಕಮಲ ಎಂದು ಬರೆದರೆ ಮಲಯಾಳದವರ ಬೆರಳಿಗೂ ಕನ್ನಡದವರ ಬೆರಳಿಗೂ ಸಿಗುವುದು ಅವೇ ಮೂರು ಗುಂಪು ಚುಕ್ಕೆ.

ಇದು ಆಕಸ್ಮಿಕ ಅಲ್ಲ. ಮೊದಲು ನಮ್ಮ ದೇಶದಲ್ಲಿ ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಬ್ರೈಲ್ ಇದ್ದವು. ಸ್ವಾತಂತ್ರ್ಯ ಬಂದ ಮೇಲೆ, 1951ರ ಹೊತ್ತಿಗೆ, ಭಾರತಿ ಬ್ರೈಲ್ ಎಂದು ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಪದ್ಧತಿ ಮಾಡಿದರು. ಲಿಪಿ ಯಾವುದಾದರೂ ಇರಲಿ, ಉಚ್ಚಾರ ಒಂದೇ ಆದರೆ ಚುಕ್ಕೆಯೂ ಹೆಚ್ಚುಕಡಿಮೆ ಒಂದೇ. ಮಲಯಾಳದಲ್ಲಿ ಕನ್ನಡಕ್ಕಿಲ್ಲದ ಕೆಲವು ಅಕ್ಷರಗಳಿವೆ, ಅಷ್ಟೇ ವ್ಯತ್ಯಾಸ. ಇನ್ನೂ ಒಂದು ಸಂತೋಷದ ಸಂಗತಿ ಏನೆಂದರೆ ಬ್ರೈಲ್‌ನಲ್ಲಿ ಕಾಗುಣಿತದ ಕೊಂಬು ಕೊಟ್ರ ಇಲ್ಲ. 'ಕಿ' ಬರೆಯಲು 'ಕ' ಬರೆದು ಪಕ್ಕದಲ್ಲಿ 'ಇ' ಬರೆದರಾಯಿತು. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ, ಎಲ್ಲ ಒಂದೇ ಸಾಲಿನಲ್ಲಿ. ಒಂದನೇ ತರಗತಿಯ ಮಕ್ಕಳಿಗೆ ಒತ್ತಕ್ಷರ ಕಲಿಸಿ ಸುಸ್ತಾದ ನಮ್ಮ ಟೀಚರೊಬ್ಬರು "ಎಲ್ಲರಿಗೂ ಇದನ್ನೇ ಕಲಿಸಿದರೆ ಹೇಗೆ" ಎಂದು ತಮಾಷೆ ಮಾಡಿದರು.

ಆ ದಿನದ ನಂತರ ಕ್ರಮ ಹೀಗಾಯಿತು: ಕನ್ನಡ ಟೀಚರು ಪಾಠದ ಸಾಲನ್ನು ಗಟ್ಟಿಯಾಗಿ ಓದುತ್ತಾರೆ. ಹುಡುಗ ಚುಚ್ಚುತ್ತಾನೆ. ಸ್ಲೇಟಿನಲ್ಲಿ ಚುಚ್ಚುವುದು ಬಲದಿಂದ ಎಡಕ್ಕೆ, ಕಾಗದ ತಿರುಗಿಸಿದಾಗ ಚುಕ್ಕೆ ಉಬ್ಬಿ ಎಡದಿಂದ ಬಲಕ್ಕೆ ಓದಲು ಸಿಗುತ್ತದೆ. ವಿಶೇಷ ಶಿಕ್ಷಕಿ ಅದನ್ನು ಮುಟ್ಟಿ, ಅರ್ಥ ಪೂರ್ತಿ ತಿಳಿಯದಿದ್ದರೂ ಸರಿಯಾಗಿ ಉಚ್ಚಾರ ಮಾಡಿ ಓದುತ್ತಾರೆ. ತಪ್ಪಿದ್ದರೆ ಅವರಿಗೆ ಚುಕ್ಕೆ ಗೊತ್ತಾಗುತ್ತದೆ, ನಮ್ಮವರಿಗೆ ಶಬ್ದ ಗೊತ್ತಾಗುತ್ತದೆ. ಒಂದು ವರ್ಷದ ಹಿಂದೆ ಕನ್ನಡ ಬ್ರೈಲ್ ಕಲಿಸುವವರು ಇಲ್ಲ ಎಂಬ ಕಾರಣಕ್ಕೆ ಈ ಹುಡುಗ ಶಾಲೆ ಬಿಡುವುದರಲ್ಲಿದ್ದ. ಮಲಯಾಳ ಬ್ರೈಲ್ ಬಲ್ಲವರು ಇರುವಲ್ಲೆಲ್ಲ ಕನ್ನಡ ಬ್ರೈಲ್ ಕಲಿಸಲು ಅರ್ಧಕ್ಕಿಂತ ಹೆಚ್ಚು ಸಾಮಾನು ಸಿದ್ಧವಾಗಿಯೇ ಇದೆ. ಹೊಸೂರು, ತಾಳವಾಡಿ, ಸೊಲ್ಲಾಪುರ, ಆದೋನಿ ಕಡೆಯ ಕನ್ನಡ ಶಾಲೆಯವರೂ ಇದನ್ನು ಗಮನಿಸಬೇಕು. ತಮಿಳು, ಮರಾಠಿ, ತೆಲುಗಿನ ವಿಶೇಷ ಶಿಕ್ಷಕರ ಕೈಯಲ್ಲಿರುವುದೂ ಇದೇ ಭಾರತಿ ಬ್ರೈಲ್.

ಪುಸ್ತಕದ ಕೊರತೆ ಮಾತ್ರ ಹಾಗೆಯೇ ಉಳಿದಿದೆ. ನಮ್ಮ ಕನ್ನಡ ಮಾಧ್ಯಮದ ಪಾಠಪುಸ್ತಕ ಕರ್ನಾಟಕದ್ದಲ್ಲ, ಕೇರಳದ ಎಸ್.ಸಿ.ಇ.ಆರ್.ಟಿ.ಯದ್ದು. ಕರ್ನಾಟಕದಲ್ಲಿ ಆದ ಬ್ರೈಲ್ ಪಠ್ಯ ನಮಗೆ ತಾಳೆಯಾಗುವುದಿಲ್ಲ. ಹಾಗಾಗಿ ಪಾಠಗಳನ್ನು ಓದಿ ರೆಕಾರ್ಡ್ ಮಾಡುವ ಕೆಲಸ ಶುರು ಮಾಡಿದ್ದೇವೆ. ಹೈಸ್ಕೂಲಿನ ಮಕ್ಕಳು ಓದುತ್ತಾರೆ. ಕತೆ ಪುಸ್ತಕಗಳಿಗೆ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಇದೆ, 2016ರಲ್ಲಿ ಶುರುವಾದದ್ದು, ಅದರಲ್ಲಿ ಕನ್ನಡವೂ ಇದೆ. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಕನ್ನಡವನ್ನು ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್.ವಿ.ಡಿ.ಎ. ಎಂಬ ತಂತ್ರಾಂಶ ಉಚಿತ. ಅದರಲ್ಲಿ ಕನ್ನಡ ಧ್ವನಿ ರೋಬೋಟ್ ಮಾತಾಡಿದ ಹಾಗೆ ಇರುತ್ತದೆ, ಮಕ್ಕಳು ಎರಡು ದಿನದಲ್ಲಿ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳದವರು ನಾವು. ಒಂದು ಎಚ್ಚರಿಕೆ: ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಈ ಯಂತ್ರಗಳು ಓದಲಾರವು, ಯೂನಿಕೋಡ್ ಆಗಬೇಕು. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ ನೋಟ್ಸೂ ಅಷ್ಟೇ.

ಇನ್ನು ಕಾಗದಪತ್ರದ ವಿಷಯ. ಇದು ಬೇಸರದ್ದು, ಆದರೆ ಇದಿಲ್ಲದೆ ಏನೂ ಇಲ್ಲ.

ಎಲ್ಲದಕ್ಕೂ ಮೂಲ ಯು.ಡಿ.ಐ.ಡಿ. ಕಾರ್ಡು. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಬಹುದು. ಮೆಡಿಕಲ್ ಬೋರ್ಡಿನ ಮುಂದೆ ಹೋಗಬೇಕು. ಮಂಗಳೂರಿನ ಖಾಸಗಿ ಆಸ್ಪತ್ರೆಯ ಚೀಟಿಗಳೆಲ್ಲ ಜೊತೆಗಿರಲಿ, ಆದರೆ ಅವು ಆಧಾರಕ್ಕೆ ಮಾತ್ರ. ಹಳೆಯ 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದದ್ದು 2016ರಲ್ಲಿ ಇಪ್ಪತ್ತೊಂದಾಗಿದೆ. ಕಲಿಕೆಯ ತೊಂದರೆ, ಆಟಿಸಂ, ಹಿಮೋಫಿಲಿಯಾ ಕೂಡ ಇದೆ. ಶೇಕಡಾ 40 ಮತ್ತು ಅದಕ್ಕಿಂತ ಹೆಚ್ಚಾದರೆ ಹೆಚ್ಚಿನ ಸವಲತ್ತು. ಅಂತಹ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅಂಧರಿಗೂ ಜೊತೆಗೆ ಹೋಗುವವರಿಗೂ ರೈಲಿನ ಸ್ಲೀಪರ್, ಸೆಕೆಂಡ್ ಕ್ಲಾಸಿನಲ್ಲಿ ಶೇಕಡಾ 75 ರಿಯಾಯಿತಿ. ಹಾಸಿಗೆ ಹಿಡಿದವರನ್ನೂ ತೀವ್ರ ತೊಂದರೆ ಇರುವವರನ್ನೂ ಮನೆಯಲ್ಲೇ ನೋಡಿಕೊಳ್ಳುವವರಿಗೆ ಕೇರಳ ಸರಕಾರದ 'ಆಶ್ವಾಸಕಿರಣಂ' ತಿಂಗಳಿಗೆ 600 ರೂಪಾಯಿ. ಹಣ ಸಣ್ಣದು. ಒಂದು ಲಕ್ಷದವರೆಗಿನ 'ನಿರಾಮಯ' ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ತೊಂದರೆ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಕಣ್ಣಿನ ತೊಂದರೆ ಒಂದೇ ಇದ್ದರೆ ಸಿಗದು, ಸುಮ್ಮನೆ ಓಡಾಡಬೇಡಿ.

ಭಾಷೆಯ ತಮಾಷೆಯನ್ನೂ ಹೇಳಬೇಕು. ಮಲಯಾಳದಲ್ಲಿ ಅಂಗವಿಕಲರಿಗೆ ಈಗ 'ಭಿನ್ನಶೇಷಿ' ಎನ್ನುತ್ತಾರೆ. ಅಲ್ಲಿ ಶೇಷಿ ಎಂದರೆ ಸಾಮರ್ಥ್ಯ, ಒಳ್ಳೆಯ ಮಾತೇ. ನಮ್ಮ ತಾಯಂದಿರು ಬೋರ್ಡು ಓದಿಸಿಕೊಂಡು, ಭಿನ್ನರಾಶಿಯ ಭಿನ್ನ, ಭಾಗಾಕಾರದ ಶೇಷ, ನಮ್ಮ ಮಗನನ್ನು ಲೆಕ್ಕದಲ್ಲಿ ಉಳಿದದ್ದು ಅಂತ ಬರೆದಿದ್ದಾರಾ ಎಂದು ಕೇಳುತ್ತಾರೆ. 'ಅಪೇಕ್ಷ' ಎಂದರೆ ಅಲ್ಲಿ ಅರ್ಜಿ, ನಮಗೆ ಆಸೆ. ಒಂದು ಕಚೇರಿಯಲ್ಲಿ "ಅಪೇಕ್ಷ ಎವಿಡೆ?" ಎಂದು ಕೇಳಿದಾಗ ತಾಯಿಯೊಬ್ಬರು ತಮ್ಮ ಅಪೇಕ್ಷೆಯನ್ನೆಲ್ಲ ಹೇಳಲು ಶುರು ಮಾಡಿದರಂತೆ. ನಗು ಬರುತ್ತದೆ, ಆದರೆ ಆ ದಿನ ಅವರು ಎರಡು ಬಸ್ಸು ಬದಲಿಸಿ ಹೋಗಿ ಕೆಲಸವಾಗದೆ ಹಿಂದೆ ಬಂದವರು. ಕನ್ನಡದಲ್ಲಿ ಬರೆದ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದ ಕಚೇರಿಯೂ ನಮಗೆ ಸಿಕ್ಕಿದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು ಎಂದಿದೆ. ನಾವು ವಾದ ಮಾಡಿದೆವು, ಅರ್ಜಿ ತೆಗೆದುಕೊಂಡರು. ಆದರೆ ಪ್ರತಿಯೊಬ್ಬ ತಾಯಿಯ ಜೊತೆ ಕಾಯ್ದೆ ಓದಿದ ಮಾಷ್ಟ್ರು ಹೋಗಲು ಆಗುತ್ತದೆಯೇ? ಹಾಗಾಗಿ ತಿಂಗಳಿಗೊಂದು ಶನಿವಾರ ಮಾತೃಸಂಘದವರು ಶಾಲೆಯಲ್ಲಿ ಮೇಜು ಹಾಕಿ ಕುಳಿತು ಫಾರಂ ತುಂಬಿಸುತ್ತಾರೆ. ಹೆಚ್ಚು ಹೊತ್ತು ಹೋಗುವುದು ಹೆಸರಿಗೆ. ಐತಪ್ಪ ಒಂದು ಕಾಗದದಲ್ಲಿ ಐತ್ತಪ್ಪ, ಇನ್ನೊಂದರಲ್ಲಿ ಇನಿಶಿಯಲ್ ಹಿಂದೆ ಮುಂದೆ. ಆಧಾರ್, ರೇಶನ್ ಕಾರ್ಡು, ಶಾಲಾ ದಾಖಲೆ ಮೂರರಲ್ಲೂ ಒಂದೇ ರೀತಿ ಇದೆಯೇ ಎಂದು ಮಗು ಒಂದನೇ ತರಗತಿಗೆ ಸೇರುವಾಗಲೇ ನೋಡಿಬಿಡಿ.

ನಮ್ಮ ಜಿಲ್ಲೆಯಲ್ಲಿ ಈ ಕಾಗದಗಳಿಗೆ ಮತ್ತೊಂದು ಭಾರ ಇದೆ. ಗೇರು ತೋಟಗಳಿಗೆ 2000ನೇ ಇಸವಿಯವರೆಗೆ ಎರಡು ದಶಕ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು ಇದು. ಎಣ್ಮಕಜೆ, ಪಡ್ರೆ, ವಾಣಿನಗರದ ಹೆಸರು ಲೋಕಕ್ಕೆ ಗೊತ್ತಾದದ್ದು ಹಾಗೆ. ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. ಅದರಿಂದಾಗಿ ನಮ್ಮಲ್ಲಿ ಯಾವ ಮಗುವಿಗೆ ತೊಂದರೆ ಇದ್ದರೂ ಜನ ಮೊದಲು ಕೇಳುವುದು "ಲಿಸ್ಟಿನಲ್ಲಿ ಉಂಟಾ?" ಎಂದು. ಲಿಸ್ಟಿನಲ್ಲಿ ಇಲ್ಲದವರು ತಮಗೆ ಏನೂ ಇಲ್ಲ ಎಂದುಕೊಂಡು ಮನೆಯಲ್ಲಿ ಕೂರುತ್ತಾರೆ. ನಮ್ಮ ಹುಡುಗನ ಮನೆಯವರೂ ಹಾಗೆಯೇ ಕುಳಿತಿದ್ದರು. ಆ ಲಿಸ್ಟು ಬೇರೆ, 2016ರ ಕಾಯ್ದೆಯ ಹಕ್ಕು ಬೇರೆ. ಕಾರಣ ಏನೇ ಇರಲಿ, ತೊಂದರೆ ಇದ್ದರೆ ಹಕ್ಕು ಇದೆ.

ಹತ್ತನೇ ತರಗತಿಯ ಪರೀಕ್ಷೆ ಬರೆಯುವ ಮಕ್ಕಳಿಗೆ ಸಹಾಯಕ ಬರಹಗಾರರ ವಿಷಯವನ್ನು ಈಗಲೇ ಹೇಳಿಬಿಡುತ್ತೇವೆ. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಇದೆ. ಬರೆಯುವವರು ಕೆಳತರಗತಿಯವರಾಗಿರಬೇಕು. ನಮ್ಮ ಹೈಸ್ಕೂಲಿನ ಹುಡುಗಿಯೊಬ್ಬಳಿಗೆ ಹಿಂದೆ ಬರಹಗಾರರ ಅನುಮತಿ ಸಿಕ್ಕಿತು, ಆದರೆ ಬಂದ ವಿದ್ಯಾರ್ಥಿನಿಗೆ ಕನ್ನಡ ಬರೆಯಲು ಬಾರದು. ಪರೀಕ್ಷೆಗೆ ಎರಡು ದಿನ ಇರುವಾಗ ನೆರೆಯ ಕನ್ನಡ ಶಾಲೆಯ ಒಂಬತ್ತನೇ ತರಗತಿಯಿಂದ ಒಬ್ಬಳನ್ನು ಕರೆತಂದೆವು. ಈಗ ನಾಲ್ಕು ಶಾಲೆಯವರು ಸೇರಿ, ಒಳ್ಳೆಯ ಅಕ್ಷರದ, ವೇಗವಾಗಿ ಕನ್ನಡ ಬರೆಯುವ ಒಂಬತ್ತನೆಯ ಮಕ್ಕಳ ಪಟ್ಟಿಯನ್ನು ನವೆಂಬರಿನಲ್ಲೇ ಮಾಡುತ್ತಿದ್ದೇವೆ. ಹೇಳಿದ್ದನ್ನಷ್ಟೇ ಬರೆಯಬೇಕು, ತಿದ್ದಬಾರದು ಎಂದು ಅವರಿಗೆ ಅಭ್ಯಾಸ ಮಾಡಿಸುವುದೇ ಕಷ್ಟ. ಜಾಣ ಮಕ್ಕಳ ಕೈ ತಪ್ಪು ಉತ್ತರ ಬರೆಯಲು ಕೇಳುವುದಿಲ್ಲ.

ನಮ್ಮ ಹುಡುಗ ಈ ಜೂನಿಗೆ ಏಳನೇ ತರಗತಿ. ಗೇಟಿನಿಂದ ತರಗತಿಗೂ, ಅಲ್ಲಿಂದ ಊಟದ ಕೋಣೆಗೂ ಒಬ್ಬನೇ ಹೋಗುತ್ತಾನೆ. ಶಾಲೆಯಿಂದ ಬಸ್‌ಸ್ಟಾಪಿಗೆ ಇನ್ನೂ ಯಾರಾದರೂ ಬೇಕು. ಏಳನೆಯ ಕನ್ನಡ ಪಾಠಗಳ ರೆಕಾರ್ಡಿಂಗ್ ಮುಗಿದಿದೆ, ವಿಜ್ಞಾನದ್ದು ಅರ್ಧ ಆಗಿದೆ, ಸಮಾಜ ವಿಜ್ಞಾನ ಶುರುವೇ ಆಗಿಲ್ಲ. ಹಳೆ ವಿದ್ಯಾರ್ಥಿಗಳಲ್ಲಿ, ಬೇರೆ ಕನ್ನಡ ಶಾಲೆಗಳ ಟೀಚರುಗಳಲ್ಲಿ ಯಾರಿಗಾದರೂ ದಿನಕ್ಕೆ ಅರ್ಧ ಗಂಟೆ ಬಿಡುವಿದ್ದರೆ ಒಂದೊಂದು ಪಾಠ ವಹಿಸಿಕೊಳ್ಳಿ. ಫ್ಯಾನ್ ಆಫ್ ಮಾಡಿ ಓದಿ. ಪುಟ ಸಂಖ್ಯೆ ಹೇಳಿ. ಚಿತ್ರ ಬಂದಾಗ ಹಾರಿಸಬೇಡಿ, ಅದರಲ್ಲಿ ಏನಿದೆ ಎಂದು ಎರಡು ಮಾತು ಹೇಳಿ. ಭೂಪಟ ಇರುವ ಪಾಠಗಳನ್ನು ನಮಗೇ ಬಿಡಿ, ಅದಕ್ಕೆ ಹಲಗೆಯ ಮೇಲೆ ಗೋಣಿದಾರ ಅಂಟಿಸಿ ಮುಟ್ಟಿ ನೋಡುವ ನಕ್ಷೆ ಮಾಡುತ್ತಿದ್ದೇವೆ. ಕೇರಳದ್ದು ಆಗಿದೆ, ಕರ್ನಾಟಕದ್ದಕ್ಕೆ ದಾರ ಸಾಲದೆ ನಿಂತಿದೆ.